ಊರಿನ ಮೈಕ್‌ಸೆಟ್ಟಿನಲ್ಲಿ ಪಂಕ್ ನುಡಿಸುವವರಿಗೆ ಆಂಪ್ಲಿಫೈಯರ್ ಬೇಕೇ?

ನೀರ್ಚಾಲಿನ ಗಿಟಾರಿಗ:

ಎಲ್ಲರಿಗೂ ನಮಸ್ಕಾರ. ನಮ್ಮದು ನಾಲ್ವರ ತಂಡ. ಗಿಟಾರ್, ಬಾಸ್, ಡ್ರಮ್ಸ್ ಮತ್ತು ಹಾಡುವವರೊಬ್ಬರು ಇದ್ದೇವೆ. ನಾವೇ ಬರೆದ ಕನ್ನಡ ಪಂಕ್ ಹಾಡುಗಳನ್ನು, ಅಂದರೆ ವೇಗದ, ಒರಟು ರಾಕ್ ಹಾಡುಗಳನ್ನು ನುಡಿಸುತ್ತೇವೆ. ಯಾವುದೂ ಎರಡು ನಿಮಿಷ ದಾಟುವುದಿಲ್ಲ. ಇದುವರೆಗೆ ಮಂಗಳೂರಿನ ಸಣ್ಣ ಸಭಾಂಗಣಗಳಲ್ಲಿ, ಅಲ್ಲೇ ಇದ್ದ ಆಂಪ್ಲಿಫೈಯರಿಗೆ ತಂತಿ ಸಿಕ್ಕಿಸಿ ನುಡಿಸಿದ್ದೆವು. ಈ ಬಾರಿ ನಮ್ಮೂರಿನ ಯುವಕ ಸಂಘದವರು ವಾರ್ಷಿಕೋತ್ಸವಕ್ಕೆ ಕರೆದಿದ್ದಾರೆ. ಸಭಾ ಕಾರ್ಯಕ್ರಮ ಮುಗಿದ ಮೇಲೆ, ಬಯಲಾಟದವರು ವೇಷ ಕಟ್ಟಿಕೊಳ್ಳುವ ಹೊತ್ತಿನಲ್ಲಿ, ಮುಕ್ಕಾಲು ಗಂಟೆ ನಮ್ಮದು. ಶಾಲೆಯ ಮೈದಾನ, ಬಾಡಿಗೆಯ ಮೈಕ್‌ಸೆಟ್, ಎದುರಿಗೆ ಅಜ್ಜಂದಿರಿಂದ ಹಿಡಿದು ಅಂಗನವಾಡಿ ಮಕ್ಕಳವರೆಗೆ ಎಲ್ಲರೂ ಇರುತ್ತಾರೆ.

ಕೈಯಲ್ಲಿ ಮೂವತ್ತು ಸಾವಿರ ರೂಪಾಯಿ ಕೂಡಿದೆ. ಅದರಲ್ಲಿ ಒಂದು ಒಳ್ಳೆಯ ಗಿಟಾರ್ ಆಂಪ್ಲಿಫೈಯರ್ ಕೊಳ್ಳಬೇಕೆಂಬುದು ನನ್ನ ಆಸೆ. ಗಿಟಾರಿನ ಸ್ವರ ಬದಲಿಸುವ, ಕಾಲಿನಿಂದ ಒತ್ತುವ ಪೆಡಲಿನಿಂದ ನೇರವಾಗಿ ಮೈಕ್‌ಸೆಟ್ಟಿನ ಮಿಕ್ಸರಿಗೆ ಕೊಟ್ಟರೆ ಸಾಕು ಎಂದು ಬಾಸ್ ನುಡಿಸುವ ಗೆಳೆಯ ವಾದಿಸುತ್ತಾನೆ. ಮನೆಯಲ್ಲಿ ಹಾಗೆ ಮಾಡಿ ನೋಡಿದಾಗ ಕಿವಿಗೆ ಕಣಜ ಹೊಕ್ಕಂತೆ ಕೇಳಿಸಿತು. ಊರಿನ ವೇದಿಕೆಯಲ್ಲಿ ನುಡಿಸಿದ ಅನುಭವ ಇರುವವರು ದಯವಿಟ್ಟು ತಿಳಿಸಿ.

ಉಪ್ಪಳದ ಮೈಕ್‌ಸೆಟ್ಟಿನವ:

ಹಗಲಿನಲ್ಲಿ ಧ್ವನಿವರ್ಧಕ ಬಾಡಿಗೆಗೆ ಕೊಡುವುದು ನನ್ನ ಕಸುಬು, ರಾತ್ರಿ ಬಾಸ್ ನುಡಿಸುವುದು ನನ್ನ ಹುಚ್ಚು. ಹಾಗಾಗಿ ಎರಡೂ ಬದಿಯಿಂದ ಹೇಳುತ್ತೇನೆ.

ನಿಮ್ಮ ಗೆಳೆಯರು ಹೇಳುವುದು ಸರಿಯೇ, ಆದರೆ ನಡುವೆ ಒಂದು ಸಾಧನ ತಪ್ಪಿಹೋಗಿದೆ. ಗಿಟಾರ್ ಆಂಪ್ಲಿಫೈಯರಿನ ಹನ್ನೆರಡು ಇಂಚಿನ ಸ್ಪೀಕರು ಸುಮಾರು 5 ಸಾವಿರ ಹರ್ಟ್ಸ್‌ಗಿಂತ ಮೇಲಿನ ನಾದವನ್ನು ಹೆಚ್ಚುಕಡಿಮೆ ನುಂಗಿಬಿಡುತ್ತದೆ. ಸ್ವರವನ್ನು ಒರಟಾಗಿಸುವ ಡಿಸ್ಟಾರ್ಶನ್ ಪೆಡಲು ಹುಟ್ಟಿಸುವ ಚುರುಚುರು ಸದ್ದು ಇರುವುದೆಲ್ಲ ಅದರ ಮೇಲೆಯೇ. ನಮ್ಮ ಧ್ವನಿವರ್ಧಕ ಪೆಟ್ಟಿಗೆಗಳ ಟ್ವೀಟರು, ಅಂದರೆ ಮೇಲಿನ ನಾದದ ಸಣ್ಣ ಸ್ಪೀಕರು, ಅದಕ್ಕಿಂತ ಎಷ್ಟೋ ಮೇಲಿನ ನಾದವನ್ನೂ ನಿಷ್ಠೆಯಿಂದ ಹೊರಗೆ ಹಾಕುತ್ತದೆ. ನೀವು ಮನೆಯಲ್ಲಿ ಕೇಳಿದ್ದು ಅದನ್ನೇ. ಆದ್ದರಿಂದ ಪೆಡಲಿನ ನಂತರ, ಸ್ಪೀಕರಿನ ಗುಣವನ್ನು ಅನುಕರಿಸುವ ಕ್ಯಾಬ್ ಸಿಮ್ಯುಲೇಟರ್ ಒಂದಿರಬೇಕು. ಈಗಿನ ಸಣ್ಣ ಮಲ್ಟಿ ಇಫೆಕ್ಟ್ ಪೆಡಲುಗಳಲ್ಲಿ ಬಹುತೇಕ ಎಲ್ಲದರಲ್ಲೂ ಅದು ಒಳಗೇ ಇರುತ್ತದೆ, ಆನ್ ಮಾಡಿಕೊಂಡರೆ ಆಯಿತು.

ಎರಡನೆಯದು ಡಿಐ ಬಾಕ್ಸ್, ಅಂದರೆ ವಾದ್ಯದ ಸಂಕೇತವನ್ನು ಮಿಕ್ಸರಿಗೆ ಹೊಂದಿಸಿ ಕೊಡುವ ಸಣ್ಣ ಪೆಟ್ಟಿಗೆ. ತಂತಿಯ ಕಂಪನವನ್ನು ಹಿಡಿಯುವ ಗಿಟಾರಿನ ಪಿಕಪ್ಪಿಗೆ ಇಂಪೀಡೆನ್ಸ್, ಅಂದರೆ ವಿದ್ಯುತ್ತಿನ ತಡೆ, ಹೆಚ್ಚು. ಅದು ಸುಮಾರು 10 ಲಕ್ಷ ಓಮ್‌ನ ಇನ್‌ಪುಟ್ಟನ್ನು ನಿರೀಕ್ಷಿಸುತ್ತದೆ. ಮಿಕ್ಸರಿನ ಮೈಕ್ ಇನ್‌ಪುಟ್ಟಿನಲ್ಲಿ ಅದು ಕೆಲವೇ ಸಾವಿರ ಓಮ್ ಇರುವುದರಿಂದ, ಬಾಸ್ ಗಿಟಾರನ್ನು ನೇರವಾಗಿ ಅದಕ್ಕೆ ಸಿಕ್ಕಿಸಿದರೆ ಸ್ವರ ಸತ್ತು ಹೋಗುತ್ತದೆ. ಜೊತೆಗೆ ನಮ್ಮ ಮಿಕ್ಸರು ಸಾಮಾನ್ಯವಾಗಿ ವೇದಿಕೆಯ ಎದುರಿಗೆ, ಜನರ ಹಿಂದೆ ಇರುತ್ತದೆ. ಅಷ್ಟು ದೂರಕ್ಕೆ ಗಿಟಾರಿನ ಮಾಮೂಲು ಜ್ಯಾಕ್ ತಂತಿಯನ್ನು ಎಳೆದರೆ ದಾರಿಯಲ್ಲಿರುವ ಟ್ಯೂಬ್‌ಲೈಟಿನ ಗುಂಯ್ ಎನ್ನುವ ಸದ್ದೆಲ್ಲ ಅದರೊಳಗೆ ಸೇರಿಕೊಳ್ಳುತ್ತದೆ. ಡಿಐ ಬಾಕ್ಸ್ ವೇದಿಕೆಯ ಮೇಲೆಯೇ ಅದನ್ನು ಹೊರಗಿನ ಸದ್ದು ಅಂಟದ ಬ್ಯಾಲೆನ್ಸ್ಡ್ ಸಂಕೇತವಾಗಿ ಮಾಡಿ, ಮೈಕಿಗೆ ಬಳಸುವ ಕ್ಯಾನನ್ ತಂತಿಗೆ ಕೊಡುತ್ತದೆ. ಆಮೇಲೆ ಐವತ್ತು ಮೀಟರ್ ಎಳೆದರೂ ಹೆದರಬೇಕಾಗಿಲ್ಲ.

ಇನ್ನೊಂದು ಮಾತು. ಮೈಕ್‌ಸೆಟ್ ಹೇಳುವಾಗಲೇ ಪೆಟ್ಟಿಗೆ ಬೇಕೋ ಹಾರ್ನ್ ಸಾಕೋ ಎಂದು ಸಂಘದವರಲ್ಲಿ ಕೇಳಿ. ತೆಂಗಿನಮರಕ್ಕೆ ಕಟ್ಟುವ ಅಹುಜಾ ಹಾರ್ನು ಪ್ರಕಟಣೆಗೆ, ಭಾಷಣಕ್ಕೆ ಇರುವಂಥದ್ದು. ಬಾಸ್ ಗಿಟಾರಿನ ಅತಿ ಕೆಳಗಿನ ತಂತಿ 41 ಹರ್ಟ್ಸ್, ಗಿಟಾರಿನದ್ದು 82. ಹಾರ್ನಿನಲ್ಲಿ ಇವೆರಡೂ ಬರುವುದೇ ಇಲ್ಲ. ಬಾಸಿನ ಪೆಟ್ಟಿಗೆ ಇಲ್ಲದ ಸೆಟ್ಟಾದರೆ ನಿಮ್ಮ ಬಾಸಿಸ್ಟು ವೇದಿಕೆಯಲ್ಲಿ ಮೂಕಾಭಿನಯ ಮಾಡಬೇಕಾದೀತು.

ಮಂಜೇಶ್ವರದ ಹಳಬ:

ಮೈಕ್‌ಸೆಟ್ಟಿನ ಅಣ್ಣ ಹೇಳಿದ್ದರಲ್ಲಿ ಲೆಕ್ಕ ಸರಿ ಇದೆ, ಆದರೆ ರಕ್ತವಿಲ್ಲ. ಆಂಪ್ಲಿಫೈಯರ್ ಬೆನ್ನ ಹಿಂದೆ ಇದ್ದು, ಅದರ ಗಾಳಿ ಪ್ಯಾಂಟಿಗೆ ತಾಗದೆ ಪಂಕ್ ನುಡಿಸುವುದು ಹೇಗೆ ಮಾರಾಯರೇ? ಗಿಟಾರನ್ನು ಸ್ಪೀಕರಿನ ಎದುರು ತಿರುಗಿಸಿ ಕೂಗಿಸುವ ಸುಖ ಪೆಡಲಿನಲ್ಲಿ ಸಿಗುವುದಿಲ್ಲ.

ನಮ್ಮ ಕಾಲದಲ್ಲಿ ಕಲ್ಕತ್ತದ ಗಿವ್ಸನ್ ಗಿಟಾರು ಸಿಕ್ಕಿದರೆ ಅದೇ ಭಾಗ್ಯ. ತಂತಿ ಬೆರಳಿನಿಂದ ಅರ್ಧ ಇಂಚು ಮೇಲೆ ಇರುತ್ತಿತ್ತು. ಆದರೂ ಪಂಕಿಗೆ ಅದು ಅಡ್ಡಿಯಾಗಲಿಲ್ಲ, ಏಕೆಂದರೆ ನಮಗೆ ಬೇಕಾಗಿದ್ದುದು ಬಲಗೈ. ನ್ಯೂಯಾರ್ಕಿನ ರಾಮೋನ್ಸ್ ತಂಡದ ಜಾನಿ ರಾಮೋನ್ ಹಾಡಿನುದ್ದಕ್ಕೂ ಕೆಳಮುಖ ಪೆಟ್ಟಿನಲ್ಲೇ ನುಡಿಸುತ್ತಿದ್ದರು. ಮೇಲೆ ಕೆಳಗೆ ಎಂದು ಸುಲಭ ಮಾಡಿಕೊಂಡರೆ ಆ ಗಡಸು ಬರುವುದಿಲ್ಲ. ಅವರ 1976ರ ಮೊದಲ ಆಲ್ಬಮ್ಮಿಗೆ ತಗಲಿದ ಖರ್ಚು ಸುಮಾರು 6,400 ಡಾಲರು, ಆ ಕಾಲದ ರಾಕ್ ಆಲ್ಬಮ್ಮುಗಳ ಮುಂದೆ ಅದು ಏನೂ ಅಲ್ಲ. ಅದರಲ್ಲಿ ಬಾಸನ್ನು ಒಂದು ಬದಿಗೆ, ಗಿಟಾರನ್ನು ಇನ್ನೊಂದು ಬದಿಗೆ ಹಾಕಿದ್ದಾರೆ. ಹೆಡ್‌ಫೋನಿನ ಒಂದು ಕಿವಿ ತೆಗೆದರೆ ಇನ್ನೊಂದರ ಪಾಠ ಪ್ರತ್ಯೇಕವಾಗಿ ಸಿಗುತ್ತದೆ. ನಿಮ್ಮ ಬಾಸಿಸ್ಟರು ಯೂಟ್ಯೂಬ್ ಬಿಟ್ಟು ಇದನ್ನು ಕೇಳಲಿ.

ಧ್ವನಿಯ ವಿಷಯದಲ್ಲಿ ನನ್ನ ಗುರುಗಳು ಬೇರೆ: ಕ್ಯಾಲಿಫೋರ್ನಿಯಾದ ಸ್ಯಾನ್ ಪೆಡ್ರೋ ಬಂದರಿನ ಮಿನಿಟ್‌ಮೆನ್ ತಂಡದವರು. ಅದರ ಗಿಟಾರ್ ವಾದಕ ಡಿ. ಬೂನ್ ತನ್ನ ಗಿಟಾರಿನ ಕೆಳಗಿನ ನಾದವನ್ನೆಲ್ಲ ತೆಗೆದು, ಬರೀ ಚೂಪಾದ ಟ್ರೆಬಲ್ ಉಳಿಸಿಕೊಂಡು, ಕೆಳಗಿನ ಜಾಗವನ್ನು ಪೂರ್ತಿಯಾಗಿ ಬಾಸಿಗೆ ಬಿಟ್ಟುಕೊಟ್ಟರು. ಮೂವರೇ ಇದ್ದರೂ ಮೂರೂ ವಾದ್ಯಗಳು ಬೇರೆಬೇರೆಯಾಗಿ ಕೇಳುವುದು ಅದರಿಂದಲೇ. ಸಣ್ಣ ಸೆಟ್ಟಿನಲ್ಲಿ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ.

ಕಾಸರಗೋಡಿನ ಗಾಯಕಿ:

ಗಿಟಾರು, ಬಾಸು ಎಂದು ಇಷ್ಟು ಚರ್ಚೆ ನಡೆಯಿತು. ಹಾಡುವವರ ಬಗ್ಗೆ ಒಬ್ಬರೂ ಬಾಯಿಬಿಡಲಿಲ್ಲ. ನೀರ್ಚಾಲಿನವರೇ, ನಿಮ್ಮ ಮೂವತ್ತು ಸಾವಿರದಲ್ಲಿ ಮೊದಲ ಪಾಲು ಗಾಯಕರ ಮೈಕಿಗೆ ಹೋಗಬೇಕು. ಶೂರ್ ಎಸ್‌ಎಂ 58 ಎಂಬ ಮೈಕು 1966ರಿಂದ ಇವತ್ತಿನವರೆಗೂ ವೇದಿಕೆಗಳಲ್ಲಿ ಉಳಿದುಕೊಂಡದ್ದು ಸುಮ್ಮನೆ ಅಲ್ಲ. ನೆಲಕ್ಕೆ ಬಿದ್ದರೂ ಏಳುತ್ತದೆ, ಬಾಯಿಗೆ ತಾಗಿಸಿ ಕಿರುಚಿದರೂ ಒಡೆಯುವುದಿಲ್ಲ. ಪೇಟೆಯಲ್ಲಿ ಅದರ ನಕಲು ಧಾರಾಳವಾಗಿ ಸಿಗುತ್ತದೆ, ನಂಬಿಕೆಯ ಅಂಗಡಿಯಲ್ಲೇ ಕೊಳ್ಳಿ.

ಹಳಬರೇ, ತಮ್ಮ ಟ್ರೆಬಲ್ ಉಪಾಯವನ್ನು ನಾನು ಒಪ್ಪುವುದಿಲ್ಲ. ನಮ್ಮ ಮಾತಿನ ವ್ಯಂಜನಗಳು, ಅದರಲ್ಲೂ ಒತ್ತಕ್ಷರಗಳು, ತಿಳಿಯುವುದು ಸುಮಾರು 2 ಸಾವಿರದಿಂದ 5 ಸಾವಿರ ಹರ್ಟ್ಸ್‌ನ ನಡುವೆ. ಚೂಪಾದ ಗಿಟಾರು ಬಂದು ಕೂರುವುದೂ ಅಲ್ಲಿಯೇ. ಬಾಸಿಗೆ ಜಾಗ ಬಿಟ್ಟುಕೊಟ್ಟು ಗಾಯಕಿಯ ಮೇಲೆ ಬಂದು ಕುಳಿತರೆ ಅದು ಎಂಥ ಉದಾರತೆ? ಇಂಗ್ಲಿಷಿನಲ್ಲಿ ಹಾಡುವವರ ಅರ್ಧ ಮಾತು ತಿಳಿಯದಿದ್ದರೆ ಊರಿನವರು ಸಹಿಸಿಕೊಳ್ಳುತ್ತಾರೆ. ಕನ್ನಡದಲ್ಲಿ ಹಾಡಿ, ಅದೂ ಕಾಸರಗೋಡಿನಲ್ಲಿ ಹಾಡಿ, ಸಾಹಿತ್ಯ ಕೇಳಿಸದಿದ್ದರೆ ನಾವು ಅಲ್ಲಿ ನಿಂತದ್ದೇ ವ್ಯರ್ಥ.

ನಮ್ಮ ತಂಡದಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕದ ಬಗ್ಗೆ ಒಂದು ಹಾಡಿದೆ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎರಡು ದಶಕಗಳಷ್ಟು ಕಾಲ ವಿಷ ಸಿಂಪಡಿಸಿದ್ದು, 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಾದ್ಯಂತ ತಡೆದದ್ದು, 2017ರಲ್ಲಿ ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಬೇಕೆಂದು ಆದೇಶಿಸಿದ್ದು, ಇಷ್ಟೂ ಆ ಹಾಡಿನಲ್ಲಿದೆ. ಎಣ್ಮಕಜೆಯ ಕಡೆಯ ಕಾರ್ಯಕ್ರಮದಲ್ಲಿ ಅದನ್ನು ಹಾಡುವಾಗ ಎದುರಿಗೆ ಕುಳಿತವರಿಗೆ ಆ ವಿಷಯ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಅವರ ಮುಂದೆ ಒಂದು ಪದ ಮಸುಕಾದರೂ ನನಗೆ ನಾಚಿಕೆಯಾಗುತ್ತದೆ. ಆದ್ದರಿಂದ ನಾನು ಸಾಲುಗಳನ್ನು ಚಿಕ್ಕದಾಗಿ ಬರೆಯುತ್ತೇನೆ, ಸಾಲಿನ ಕೊನೆಯಲ್ಲಿ ದೀರ್ಘ ಸ್ವರ ಬರುವಂತೆ ನೋಡಿಕೊಳ್ಳುತ್ತೇನೆ, ಮತ್ತು ನಾನು ಹಾಡುವಾಗ ಗಿಟಾರು ತಂತಿಯನ್ನು ಅಂಗೈಯಿಂದ ಅದುಮಿ ನುಡಿಸಬೇಕೆಂದು ಹಟ ಹಿಡಿಯುತ್ತೇನೆ. ಕೇಳುಗರಲ್ಲಿ ಮಲಯಾಳ, ತುಳು, ಬ್ಯಾರಿ ಮಾತಾಡುವವರೂ ಇರುತ್ತಾರೆ; ಪಲ್ಲವಿ ಸ್ಪಷ್ಟವಾಗಿದ್ದರೆ ಅವರೂ ಎರಡನೆಯ ಸಲಕ್ಕೆ ದನಿಗೂಡಿಸುತ್ತಾರೆ.

ಮಂಜೇಶ್ವರದ ಹಳಬ:

ಅಕ್ಕಾ, ಅಂಗೈ ಅದುಮುವ ಉಪಾಯಕ್ಕೆ ನನ್ನ ಒಪ್ಪಿಗೆ ಇದೆ. ಟ್ರೆಬಲ್ ಮಾತ್ರ ಬಿಟ್ಟುಕೊಡುವುದಿಲ್ಲ.

ಉಪ್ಪಳದ ಮೈಕ್‌ಸೆಟ್ಟಿನವ:

ಇಬ್ಬರೂ ಜಗಳ ಮಾಡಬೇಕಾಗಿಲ್ಲ. ಗಿಟಾರಿನ ಚಾನೆಲ್ಲಿನಲ್ಲಿ 100 ಹರ್ಟ್ಸ್‌ಗಿಂತ ಕೆಳಗಿನದ್ದನ್ನು ತೆಗೆದು, ಮಿಡ್ ಗುಬ್ಬಿಯನ್ನು 3 ಸಾವಿರದ ಆಸುಪಾಸಿಗೆ ತಿರುಗಿಸಿ ಸ್ವಲ್ಪ ಇಳಿಸಿದರೆ ಬಾಸಿಗೂ ಜಾಗ ಸಿಗುತ್ತದೆ, ಗಾಯಕಿಗೂ ಸಿಗುತ್ತದೆ. ಆದರೆ ಇದನ್ನು ಮಾಡುವವನು ನಾನು, ನೀವಲ್ಲ. ನೀವು ಆಂಪ್ಲಿಫೈಯರನ್ನು ವೇದಿಕೆಯಲ್ಲೇ ಹತ್ತಕ್ಕೆ ಇಟ್ಟುಬಿಟ್ಟರೆ ಆ ಸದ್ದು ಗಾಯಕರ ಮೈಕಿನೊಳಗೆ ಬರುತ್ತದೆ. ನಾನು ಗಿಟಾರಿನ ಚಾನೆಲ್ಲನ್ನು ಪೂರ್ತಿ ಮುಚ್ಚಿದರೂ ಅದು ಹೊರಗೆ ಕೇಳುತ್ತಲೇ ಇರುತ್ತದೆ. ಡಿಐ ಬೇಕೆಂದು ನಾನು ಹಟ ಮಾಡುವುದು ಇದಕ್ಕೇ.

ಮಾನಿಟರನ್ನು, ಅಂದರೆ ಗಾಯಕರಿಗೆ ತಮ್ಮ ದನಿ ಕೇಳಿಸುವ ವೇದಿಕೆಯ ಸ್ಪೀಕರನ್ನು, ಇಡುವ ಬಗ್ಗೆಯೂ ಹೇಳುತ್ತೇನೆ. ಎಸ್‌ಎಂ 58 ಕಾರ್ಡಿಯಾಯ್ಡ್ ಮೈಕು, ಅದಕ್ಕೆ ನೇರ ಬೆನ್ನ ಹಿಂದಿನದ್ದು ಅತಿ ಕಡಿಮೆ ಕೇಳುತ್ತದೆ. ಮಾನಿಟರು ಗಾಯಕರ ನೇರ ಎದುರಿಗೆ ಇರಬೇಕು. ಸೂಪರ್ ಕಾರ್ಡಿಯಾಯ್ಡ್ ಮೈಕಾದರೆ ಅದಕ್ಕೆ ಬೆನ್ನಿನಲ್ಲೂ ಸ್ವಲ್ಪ ಕಿವಿ ಇರುತ್ತದೆ, ಮಾನಿಟರನ್ನು ಓರೆಯಾಗಿ ಪಕ್ಕಕ್ಕೆ ಸರಿಸಬೇಕು. ಮೈಕಿನ ತಲೆಯನ್ನು ಅಂಗೈಯಿಂದ ಮುಚ್ಚಿ ಹಿಡಿಯುವ ಶೋಕಿಯಿಂದ ಈ ಲೆಕ್ಕಾಚಾರವೆಲ್ಲ ಹಾಳಾಗಿ ಕುಯ್ ಎಂದು ಕೂಗಲು ಆರಂಭಿಸುತ್ತದೆ. ಆಗ ಜನ ತಿರುಗಿ ನೋಡುವುದು ನನ್ನನ್ನು.

ಮುಳ್ಳೇರಿಯದ ಡ್ರಮ್ಮರ್:

ಶಾಲೆಯ ಮೈದಾನದಲ್ಲಿ ಡ್ರಮ್ಸಿಗೆ ಎಷ್ಟು ಮೈಕು ಕೊಡುತ್ತಾರೆ ಎಂಬುದು ನನ್ನ ಚಿಂತೆ. ನಮ್ಮ ಕಡೆ ಎರಡು ಸಿಕ್ಕಿದರೆ ಹೆಚ್ಚು. ಒಂದು ಬಾಸ್ ಡ್ರಮ್ಮಿನ ಬಾಯಿಗೆ, ಇನ್ನೊಂದು ಸ್ನೇರ್ ಮತ್ತು ಹೈಹ್ಯಾಟಿನ ನಡುವೆ ಇಟ್ಟರೆ ಪಂಕಿಗೆ ಧಾರಾಳ ಸಾಕು. ಸಿಂಬಲ್‌ಗಳಿಗೆ ಮೈಕು ಕೇಳಬೇಡಿ, ಅವು ಹೇಗೂ ಎಲ್ಲರ ಮೈಕಿನೊಳಗೂ ನುಗ್ಗುತ್ತವೆ.

ಬಯಲಾಟಕ್ಕೆ ಮೊದಲು ನುಡಿಸುವುದರಲ್ಲಿ ಒಂದು ಪರೀಕ್ಷೆ ಇದೆ. ನಿಮ್ಮ ನಂತರ ಅದೇ ಪೆಟ್ಟಿಗೆಗಳಲ್ಲಿ ತೆಂಕುತಿಟ್ಟಿನ ಚೆಂಡೆ ಕೇಳಲಿದೆ. ಪೀಠಿಕೆಯ ಚೆಂಡೆ ಬಿದ್ದ ಕೂಡಲೇ ನಿಮ್ಮ ಡ್ರಮ್ಸ್ ಎಷ್ಟು ಬಡಕಲಾಗಿತ್ತು ಎಂದು ಊರಿಗೆಲ್ಲ ತಿಳಿಯುತ್ತದೆ. ನಾನು ಇದನ್ನು ತಮಾಷೆಗೆ ಹೇಳುತ್ತಿಲ್ಲ. ನಮ್ಮೂರಿನ ಮಕ್ಕಳು ತೊಟ್ಟಿಲಿನಿಂದಲೇ ತ್ರಿವುಡೆಯ ಏಳು ಮಾತ್ರೆ, ಝಂಪೆಯ ಹತ್ತು ಮಾತ್ರೆ ಕೇಳಿ ಬೆಳೆದವರು. ನಾಲ್ಕರ ಲೆಕ್ಕದ ವೇಗ ಒಂದನ್ನೇ ನಂಬಿ ಹೋದರೆ ಮೂರನೆಯ ಹಾಡಿಗೆ ಅವರಿಗೆ ಆಕಳಿಕೆ ಬರುತ್ತದೆ. ನಮ್ಮ ಒಂದು ಹಾಡಿನ ನಡುಭಾಗವನ್ನು ತ್ರಿವುಡೆಯ ನಡೆಗೆ ತಂದಿದ್ದೇವೆ. ಹಿಂದಿನ ಸಾಲಿನ ಹಿರಿಯರು ತೊಡೆಯ ಮೇಲೆ ತಾಳ ಹಾಕುವುದು ಅಲ್ಲಿಯೇ. ಕಣ್ಣೂರಿನ ಮೆಟಲ್ ತಂಡ ದ ಡೌನ್ ಟ್ರಾಡೆನ್ಸ್ ತೆಯ್ಯಂನ ಲೋಕವನ್ನು ಗಿಟಾರಿನ ಪಕ್ಕಕ್ಕೆ ತಂದದ್ದನ್ನು ಕೇಳಿದ ಮೇಲೆ ನಮಗೂ ಧೈರ್ಯ ಬಂತು. ಆದರೆ ಚೆಂಡೆಯನ್ನು ಅಲಂಕಾರಕ್ಕೆಂದು ತಂದು ನಿಲ್ಲಿಸುವುದು ನನಗೆ ಹಿಡಿಸುವುದಿಲ್ಲ. ಲಯ ಒಳಗೆ ಇಳಿದಿದ್ದರೆ ಡ್ರಮ್ಸಿನಲ್ಲೇ ಅದು ಕೇಳುತ್ತದೆ.

ಹೊತ್ತಿನ ಬಗ್ಗೆ ಎಚ್ಚರವಿರಲಿ. 2000ರ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ ಹತ್ತರ ನಂತರ ತೆರೆದ ಜಾಗದಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಸರಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ ಮಧ್ಯರಾತ್ರಿಯವರೆಗೆ ಸಡಿಲಿಕೆ ಕೊಡಬಹುದು. ಭಾಷಣಗಳು ಉದ್ದವಾದರೆ ಕತ್ತರಿ ಬೀಳುವುದು ನಿಮ್ಮ ಮುಕ್ಕಾಲು ಗಂಟೆಗೆ, ಆಟಕ್ಕಲ್ಲ. ಎರಡು ನಿಮಿಷದ ಹಾಡುಗಳಿರುವುದು ಇಲ್ಲಿ ನಿಮ್ಮ ಪುಣ್ಯ.

ಕುಂಬಳೆಯ ಸ್ಯಾಕ್ಸೊಫೋನಿಗ:

ನಾನು ದೇವಸ್ಥಾನದ ಬಲಿ ಉತ್ಸವಗಳಲ್ಲಿ, ಮದುವೆಗಳಲ್ಲಿ ಸ್ಯಾಕ್ಸೊಫೋನ್ ನುಡಿಸುವವನು. ದೊಡ್ಡ ಕಂಪೆನಿಗಳ ಹಂಗಿಲ್ಲದೆ ಸ್ವಂತ ಹಾಡು ಮಾಡುವ ಒಂದು ಇಂಡೀ ತಂಡದ ಜೊತೆಗೂ ಸೇರಿಕೊಂಡಿದ್ದೇನೆ. ಕದ್ರಿ ಗೋಪಾಲನಾಥರ ದೆಸೆಯಿಂದ ನಮ್ಮ ಕರಾವಳಿಯಲ್ಲಿ ಊರಿಗೊಬ್ಬ ಸ್ಯಾಕ್ಸೊಫೋನ್ ವಾದಕ ಸಿಗುತ್ತಾನೆ, ಪಂಕ್ ತಂಡಗಳು ಮಾತ್ರ ನಮ್ಮ ಕಡೆಗೆ ನೋಡುವುದಿಲ್ಲ. ಲಂಡನ್ನಿನ ಎಕ್ಸ್-ರೇ ಸ್ಪೆಕ್ಸ್ ತಂಡ 1977ರಲ್ಲೇ ಸ್ಯಾಕ್ಸೊಫೋನನ್ನು ಪಂಕಿನ ನಡುವೆ ನಿಲ್ಲಿಸಿತ್ತು. ಅವರ ಗಾಯಕಿ ಪಾಲಿ ಸ್ಟೈರೀನ್ ಕೂಗಿದ ಕಡೆಯಲ್ಲೆಲ್ಲ ಸ್ಯಾಕ್ಸೊಫೋನು ಉತ್ತರ ಕೊಡುತ್ತದೆ. ಗಾಯಕಿ ಅಕ್ಕನಿಗೆ ಅವರ ಪರಿಚಯ ಇರಬಹುದು.

ನೀರ್ಚಾಲಿನವರು ಗಿಟಾರಿನ ಶ್ರುತಿಯ ಬಗ್ಗೆ ಕೇಳಲಿಲ್ಲ, ಆದರೂ ಹೇಳುತ್ತೇನೆ. ಆಲ್ಟೊ ಸ್ಯಾಕ್ಸೊಫೋನು ಇ ಫ್ಲಾಟ್ ವಾದ್ಯ. ನಾವು ಸಿ ಎಂದು ಬೆರಳಿಟ್ಟರೆ ಹೊರಗೆ ಕೇಳುವುದು ಇ ಫ್ಲಾಟ್, ಅಂದರೆ ಹಾರ್ಮೋನಿಯಮ್ಮಿನ ಕಪ್ಪು ಎರಡು. ಗಿಟಾರಿನವರಿಗೆ ಪ್ರಿಯವಾದ ಇ ನಮ್ಮ ಬೆರಳಿಗೆ ಏಳು ಶಾರ್ಪುಗಳ, ಅಂದರೆ ಅರ್ಧ ಸ್ವರ ಏರಿಸಿದ ಏಳು ಸ್ವರಗಳ, ಮುಳ್ಳುಬೇಲಿ. ನೀವು ಆರೂ ತಂತಿಗಳನ್ನು ಅರ್ಧ ಸ್ವರ ಇಳಿಸಿದರೆ ನಿಮ್ಮ ಇ ಎಂಬುದು ಕಪ್ಪು ಎರಡಕ್ಕೆ ಬರುತ್ತದೆ, ನಮಗೆ ಅದು ಸರಳವಾದ ಸಿ ಆಗುತ್ತದೆ, ಹಾಡುವವರ ಗಂಟಲಿಗೂ ಸ್ವಲ್ಪ ಬಿಡುವು ಸಿಗುತ್ತದೆ. ತಂತಿ ಸಡಿಲವಾಗುವುದರಿಂದ ತೆಳುವಾದ ಒಂಬತ್ತರ ತಂತಿ ಸೆಟ್ ಹಾಕುವವರು ಸ್ವಲ್ಪ ದಪ್ಪನೆಯ ಹತ್ತರದ್ದು ಹಾಕಿಕೊಳ್ಳಬೇಕು.

ಮುಳ್ಳೇರಿಯದ ಡ್ರಮ್ಮರ್:

ಮದ್ದಳೆಯವರನ್ನು ಒಂದು ಹಾಡಿಗೆ ಜೊತೆಗೆ ಕರೆಯುವ ಯೋಚನೆ ಇದ್ದರೂ ಇದೇ ಮಾತು. ಮದ್ದಳೆಯನ್ನು ಆ ದಿನದ ಭಾಗವತರ ಶ್ರುತಿಗೆ ಕೂಡಿಸಿರುತ್ತಾರೆ. ನಿಮಗಾಗಿ ಅದನ್ನು ಕದಲಿಸಿ ಎಂದು ಕೇಳುವುದು ಮರ್ಯಾದೆಯಲ್ಲ. ಭಾಗವತರ ಶ್ರುತಿಯನ್ನು ಮೊದಲೇ ಕೇಳಿಕೊಂಡು ಗಿಟಾರನ್ನೇ ಅದಕ್ಕೆ ಸೇರಿಸಿ.

ನೀರ್ಚಾಲಿನ ಗಿಟಾರಿಗ:

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಆಂಪ್ಲಿಫೈಯರನ್ನು ಸದ್ಯಕ್ಕೆ ಬಿಟ್ಟು, ಗಾಯಕರಿಗೆ ಮೈಕು, ಬಾಸಿಗೆ ಡಿಐ ಬಾಕ್ಸ್, ನನಗೆ ಕ್ಯಾಬ್ ಸಿಮ್ಯುಲೇಟರ್ ಇರುವ ಪೆಡಲು ಕೊಳ್ಳುವುದೆಂದು ಗೆಳೆಯರು ನಿಶ್ಚಯಿಸಿದ್ದಾರೆ. ಹಳಬರು ಕ್ಷಮಿಸಬೇಕು. ಇನ್ನೂ ಎರಡು ಸಂಶಯಗಳಿವೆ. ವೇದಿಕೆಯ ಬಣ್ಣದ ದೀಪ ಹತ್ತಿದ ಕೂಡಲೇ ನನ್ನ ಗಿಟಾರು ಝೀ ಎನ್ನುತ್ತದೆ. ಒಮ್ಮೊಮ್ಮೆ ಮೈಕಿಗೆ ತುಟಿ ತಾಗಿದರೆ ಶಾಕ್ ಹೊಡೆಯುತ್ತದೆ. ಇವಕ್ಕೆ ಪರಿಹಾರವೇನು?

ಮಂಜೇಶ್ವರದ ಹಳಬ:

ಕ್ಷಮಿಸಿದೆ. ಉಳಿದ ಹಣದಲ್ಲಿ ತಂತಿ ಎರಡು ಸೆಟ್ ಹೆಚ್ಚಿಗೆ ತೆಗೆದಿಡಿ. ಮಳೆಗಾಲದಲ್ಲಿ ನಮ್ಮ ಕಡೆ ತಂತಿ ತುಕ್ಕು ಹಿಡಿಯಲು ವಾರ ಬೇಕಾಗಿಲ್ಲ. ನುಡಿಸಿದ ಮೇಲೆ ಒಣಬಟ್ಟೆಯಿಂದ ಒರೆಸಿ, ಸಿಲಿಕಾ ಜೆಲ್ಲಿನ ಪೊಟ್ಟಣದ ಜೊತೆ ಪೆಟ್ಟಿಗೆಯಲ್ಲಿಡಿ. ಅಟ್ಟದಲ್ಲಿ, ಅಡಿಕೆಯ ಗೋಣಿಯ ಪಕ್ಕದಲ್ಲಿ ಇಡಬೇಡಿ.

ಉಪ್ಪಳದ ಮೈಕ್‌ಸೆಟ್ಟಿನವ:

ಶಾಕಿನ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಗಿಟಾರಿನ ತಂತಿಗೆ ನಿಮ್ಮ ಬದಿಯ ಅರ್ತ್ ಇರುತ್ತದೆ, ಮೈಕಿನ ಲೋಹದ ಜಾಲರಿಗೆ ಮಿಕ್ಸರಿನ ಅರ್ತ್ ಇರುತ್ತದೆ. ಎರಡನ್ನೂ ಬೇರೆಬೇರೆ ಕಡೆಯ ಕರೆಂಟಿಗೆ ಜೋಡಿಸಿ, ಅದರಲ್ಲಿ ಒಂದು ಕಡೆ ಅರ್ತ್ ಸರಿಯಿಲ್ಲದಿದ್ದರೆ, ಎರಡರ ನಡುವಿನ ವೋಲ್ಟೇಜು ನಿಮ್ಮ ಕೈಯಿಂದ ತುಟಿಗೆ ಹರಿಯುತ್ತದೆ. ಹಸಿ ಹುಲ್ಲಿನ ಮೇಲೆ, ಬರಿಗಾಲಿನಲ್ಲಿ ನಿಂತಾಗ ಇದು ಪ್ರಾಣಕ್ಕೇ ಅಪಾಯ. ಪೆಡಲಿನ ಅಡಾಪ್ಟರನ್ನು ಶಾಲೆಯ ಗೋಡೆಯ ಪ್ಲಗ್ಗಿಗೆ ಹಾಕದೆ, ಮಿಕ್ಸರು ಇರುವ ಜನರೇಟರಿನ ಲೈನಿಗೇ ಹಾಕಿ ಮತ್ತು ಹಾಡಲು ಆರಂಭಿಸುವ ಮೊದಲು ಟೆಸ್ಟರನ್ನು ಮೈಕಿನ ಜಾಲರಿಗೆ ತಾಗಿಸಿ ನೋಡುವಂತೆ ನಮ್ಮವರಿಗೆ ಹೇಳಿ. ಗುಂಯ್ ಸದ್ದು ನಿಲ್ಲಿಸಲೆಂದು ಕೆಲವರು ಪ್ಲಗ್ಗಿನ ಮೂರನೆಯ ಕಾಲನ್ನೇ ಕಿತ್ತುಹಾಕುತ್ತಾರೆ. ಅದನ್ನು ಎಂದಿಗೂ ಮಾಡಬೇಡಿ. ಡಿಐ ಬಾಕ್ಸಿನಲ್ಲಿ ಗ್ರೌಂಡ್ ಲಿಫ್ಟ್ ಎಂಬ ಸಣ್ಣ ಸ್ವಿಚ್ಚು ಇರುವುದು ಆ ಕೆಲಸಕ್ಕೇ.

ದೀಪದ ಝೀ ಸದ್ದಿಗೆ ಕಾರಣ ಬೆಳಕನ್ನು ಏರಿಳಿಸುವ ಡಿಮ್ಮರು. ನಿಮ್ಮದು ಸಿಂಗಲ್ ಕಾಯಿಲ್ ಪಿಕಪ್ಪು ಇರಬೇಕು. ಹಂಬಕರ್ ಎಂಬ ಬಗೆಯ ಪಿಕಪ್ಪಿನಲ್ಲಿ ಎರಡು ಕಾಯಿಲುಗಳು ಎದುರುಬದುರಾಗಿದ್ದು ಆ ಸದ್ದನ್ನು ಪರಸ್ಪರ ಕಳೆಯುತ್ತವೆ. ನಿಮ್ಮ ಗಿಟಾರಿನಲ್ಲಿ ಐದು ಸ್ಥಾನದ ಸ್ವಿಚ್ಚು ಇದ್ದರೆ ಎರಡನೆಯ ಅಥವಾ ನಾಲ್ಕನೆಯ ಸ್ಥಾನದಲ್ಲಿಟ್ಟು ನೋಡಿ. ಹೆಚ್ಚಿನ ಗಿಟಾರುಗಳಲ್ಲಿ ಅಲ್ಲಿ ಎರಡು ಪಿಕಪ್ಪು ಸೇರಿ ಅದೇ ಕೆಲಸ ಮಾಡುತ್ತವೆ. ದೀಪದವರ ಲೈನನ್ನು ಬೇರೆ ಮಾಡಲು ನಾನು ಹೇಳುತ್ತೇನೆ.

ನೀರ್ಚಾಲಿನ ಗಿಟಾರಿಗ:

ಪೆಡಲಿಗೆ ಅಡಾಪ್ಟರಿನ ಬದಲು ಬ್ಯಾಟರಿ ಹಾಕಬಹುದೇ?

ಉಪ್ಪಳದ ಮೈಕ್‌ಸೆಟ್ಟಿನವ:

ಮಲ್ಟಿ ಇಫೆಕ್ಟಿಗೆ 9 ವೋಲ್ಟಿನ ಚೌಕದ ಬ್ಯಾಟರಿ ಸಾಲುವುದಿಲ್ಲ, ಅದರ ಜೊತೆಗೆ ಬಂದ ಅಡಾಪ್ಟರನ್ನೇ ತನ್ನಿ. ಬೇರೆಯದನ್ನು ಹಾಕುವುದಾದರೆ ನಡುವಿನ ಕಡ್ಡಿ ನೆಗೆಟಿವ್ ಇದೆಯೇ, ಆಂಪಿಯರು ಸಾಕಷ್ಟು ಇದೆಯೇ ಎಂದು ಪೆಡಲಿನ ಹಿಂದಿನ ಚೀಟಿಯಲ್ಲಿ ನೋಡಿಕೊಳ್ಳಿ. ಬರೀ ಡಿಸ್ಟಾರ್ಶನ್ ಪೆಡಲಾದರೆ ಬ್ಯಾಟರಿಯಲ್ಲೇ ಕಾರ್ಯಕ್ರಮ ಮುಗಿಸಬಹುದು. ಜ್ಯಾಕ್ ಸಿಕ್ಕಿಸಿಟ್ಟರೆ ಅದು ಖರ್ಚಾಗುತ್ತಲೇ ಇರುತ್ತದೆ, ಆದ್ದರಿಂದ ಸಭೆಯ ಭಾಷಣ ಮುಗಿಯುವವರೆಗೆ ಕಳಚಿಡಿ. ಮಧ್ಯಾಹ್ನ ಮೂರು ಗಂಟೆಗೆ ಮೈದಾನಕ್ಕೆ ಬನ್ನಿ, ಸ್ವಾಗತಗೀತೆಯ ಮಕ್ಕಳು ಬರುವ ಮೊದಲು ನಿಮ್ಮ ಸೌಂಡ್ ಚೆಕ್ ಮುಗಿಸೋಣ.